ಹಿತ್ತಿಲ ಗುಂಡಿಯಲ್ಲಿ ಸಿಗದೆ ಹೋದ ಅರಸಿ

ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ಬೋಧಿಸುವ, ಸತ್ತವರ ಮೇಲೂ ಬದುಕಿರುವವರ ಮೇಲೂ ಸರಿಸಮನಾದ ಅಧಿಕಾರವುಳ್ಳ, ಸೀಮೆಸುಣ್ಣದಷ್ಟೇ ಬಿಳುಪಾದ ಮನಸ್ಸಿನ ಮಾನ್ಯ ಮೇಷ್ಟ್ರೇ,

ಮೊದಲಿಗೆ ನಾನು ಯಾರು, ಯಾವ ಸ್ಥಾನದಲ್ಲಿ ನಿಂತು ಈ ಪತ್ರ ಬರೆಯುತ್ತಿದ್ದೇನೆ ಎಂಬುದನ್ನು ಹೇಳಿಬಿಡುವುದು ವಾಸಿ. ನೀರಿನ ಟ್ಯಾಂಕಿನ ಹಿಂದಿನ ಓಣಿಯಲ್ಲಿ, ಹಸಿರು ಗೇಟಿನ ಕೊನೆಯ ಮನೆಗೆ ನಾನು ಹಿರಿಯಳು. ತಮ್ಮ ತರಗತಿಯಲ್ಲಿ ಕಿಟಕಿ ಬದಿಯ ಬೆಂಚಿನಲ್ಲಿ ಕೂರುವ, ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವ ಹುಡುಗಿಗೆ ನಾನು ಅಜ್ಜಿ. ಆಯುಷ್ಯವೆಲ್ಲ ಬಸ್ಸಿನಲ್ಲಿ ಸೀಟಿ ಊದಿ ಊರನ್ನು ಒಳಕ್ಕೆ ನೂಕಿದ ಕಂಡಕ್ಟರರ ಹೆಂಡತಿ; ಅವರ ಸೀಟಿ ನಮ್ಮ ಗೇಟಿನ ಹೊರಗೇ ನಿಲ್ಲುತ್ತಿತ್ತು, ಒಳಗೆ ನನ್ನ ಕೆಮ್ಮು ಮಾತ್ರ ನಡೆಯುತ್ತಿತ್ತು, ಈಗಲೂ ಅದೇ ನಡೆಯುತ್ತಿದೆ. ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ, ಒಬ್ಬ ಮೊಮ್ಮಗಳು ನನ್ನ ಕೈಕೆಳಗಿದ್ದಾರೆ. ಈ ಮನೆಯಲ್ಲಿ ನನ್ನ ಮಾತಿಲ್ಲದೆ ಹುಲ್ಲುಕಡ್ಡಿ ಅಲ್ಲಾಡುವುದಿಲ್ಲ, ಉಪ್ಪಿನ ಡಬ್ಬಿ ಒಂದು ಗೂಡಿನಿಂದ ಇನ್ನೊಂದು ಗೂಡಿಗೆ ಹೋಗುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ತಮ್ಮ ಸಂಶೋಧನೆಯ ಪ್ರಕಾರ ನಾನು ಇಲ್ಲವೇ ಇಲ್ಲ ಎಂದು ತೀರ್ಮಾನವಾಗಿರುವುದರಿಂದ, ಇಲ್ಲದವಳೊಬ್ಬಳು ಪತ್ರ ಬರೆದಳೆಂದು ತಾವು ಗಾಬರಿಬೀಳಬಾರದು ಎಂಬ ಕಾಳಜಿಯಿಂದ ಹೇಳುತ್ತಿದ್ದೇನೆ.

ಇದನ್ನು ಲಕೋಟೆಯಲ್ಲಿ ಹಾಕಿ ಗುಟ್ಟಾಗಿ ಕಳಿಸದೆ, ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೂ ಕಾರಣವಿದೆ. ಅವಮಾನವು ಶಾಲೆಯ ಸಭಾಂಗಣದಲ್ಲಿ, ಮೈಕಿನ ಮುಂದೆ ಆಗಿದೆ. ಮರ್ಯಾದೆ ಮಾತ್ರ ಹಿಂಬಾಗಿಲಿನಿಂದ ವಾಪಸು ಬಂದರೆ ನಾನು ಅದನ್ನು ಒಳಗೆ ಸೇರಿಸುವವಳಲ್ಲ.

ನಾನು ಓದು ಬಾರದವಳೆಂದು ತಾವು ತಿಳಿಯಬಾರದು. ನಾನೂ ಪ್ರೌಢಶಾಲೆ ಮುಗಿಸಿದ್ದೇನೆ, ಸಮಾಜ ಪಾಠದಲ್ಲಿ ತರಗತಿಗೇ ಮೊದಲಿಗಳಾಗಿದ್ದೆ. ನಮ್ಮ ಕಾಲದಲ್ಲಿ ಸಮಾಜ ಪಾಠವೆಂದರೆ ಸತ್ತವರ ಸಮಾಚಾರ. ಬದುಕಿದ್ದವರ ಗೊಡವೆಗೆ ಯಾವ ಮೇಷ್ಟ್ರೂ ಬರುತ್ತಿರಲಿಲ್ಲ. ನದಿಗೆ ನೀಲಿ ಬಣ್ಣ, ಬೆಟ್ಟಕ್ಕೆ ಕಂದು ಬಣ್ಣ ಬಳಿದರೆ ಭೂಗೋಳ ಮುಗಿಯಿತು. ಇತಿಹಾಸದಲ್ಲಿ ಪ್ರತಿ ವರ್ಷವೂ ಒಂದೇ ಪ್ರಶ್ನೆ: ಇಂತಿಂಥ ಅರಸನ ಆಡಳಿತವನ್ನು ವಿವರಿಸಿರಿ. ನಾನು ಎಲ್ಲ ಅರಸರಿಗೂ ಒಂದೇ ಉತ್ತರ ಬರೆಯುತ್ತಿದ್ದೆ. ರಸ್ತೆಗಳನ್ನು ಮಾಡಿಸಿದನು, ರಸ್ತೆಯ ಎರಡೂ ಬದಿಗೆ ಮರಗಳನ್ನು ನೆಡಿಸಿದನು, ಕೆರೆಗಳನ್ನು ತೋಡಿಸಿದನು, ಕಲೆಗಳಿಗೆ ಆಶ್ರಯ ಕೊಟ್ಟನು, ಪ್ರಜೆಗಳು ಸುಖವಾಗಿದ್ದರು. ಹೆಸರು ಮಾತ್ರ ಬದಲಾಯಿಸಿದರೆ ಸಾಕಿತ್ತು, ಅಂಕ ತಾನೇ ನಡೆದುಬರುತ್ತಿತ್ತು. ಒಬ್ಬ ಮೇಷ್ಟ್ರೂ ಆ ಅರಸ ನಿಜಕ್ಕೂ ಮರ ನೆಟ್ಟನೇ, ನೆಟ್ಟಿದ್ದರೆ ಅದರ ಎಲೆ ಎಲ್ಲಿ ಎಂದು ಕೇಳಿದ್ದಿಲ್ಲ. ಅಂಥ ಸುಖದ ಕಾಲದಿಂದ ಬಂದವಳು ನಾನು.

ತಾವು ಹಾಗಲ್ಲ. ತಾವು ಪುಸ್ತಕದಿಂದ ಪಾಠ ಮಾಡುವುದನ್ನು ಕೀಳೆಂದು ತಿಳಿದವರು. ಹಳೆಯ ನಾಗರಿಕತೆಗಳ ಪಾಠ ಬಂದಾಗ, ಮಕ್ಕಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಮನೆಯ ಹಿತ್ತಿಲ ಕಸದ ಗುಂಡಿಯನ್ನು ಹಂಚಿಕೊಟ್ಟು, ಅದನ್ನು ಪದರ ಪದರವಾಗಿ ಅಗೆದು, ಆ ಮನೆಯವರು ಸತ್ತು ಎರಡು ಸಾವಿರ ವರ್ಷ ಕಳೆದಿದೆ ಎಂದು ಭಾವಿಸಿಕೊಂಡು, ಸಿಕ್ಕ ವಸ್ತುಗಳಿಂದಲೇ ಅವರು ಹೇಗೆ ಬದುಕಿದ್ದರೆಂದು ಬರೆಯಬೇಕೆಂದು ಅಪ್ಪಣೆ ಕೊಟ್ಟಿರಿ. ಎಂಥ ದೂರದೃಷ್ಟಿ. ಪಕ್ಕದ ಮನೆಯವರು ಏನು ತಿನ್ನುತ್ತಾರೆಂದು ತಿಳಿಯಲು ನಾವೆಲ್ಲ ಜನ್ಮವಿಡೀ ಬೇಲಿಯ ಬಳಿ ಕತ್ತು ಉದ್ದ ಮಾಡಿಕೊಂಡು ನಿಂತಿದ್ದೇವೆ. ತಾವು ಅದನ್ನು ಪಠ್ಯವನ್ನಾಗಿ ಮಾಡಿ ಅಂಕವನ್ನೂ ಕೊಟ್ಟಿರಿ.

ನನ್ನ ಮೊಮ್ಮಗಳು ತನ್ನ ಗುಂಪಿಗೆ ನಾಯಕಿಯಾಗಿ ನಮ್ಮ ಗುಂಡಿಯನ್ನೇ ಆರಿಸಿಕೊಂಡಳು. ಮಕ್ಕಳು ಬೆಳಿಗ್ಗೆಯೇ ಬಂದರು. ನನ್ನ ಹಿಟ್ಟಿನ ಜರಡಿ ಹೋಯಿತು, ಯಜಮಾನರ ಗಡ್ಡದ ಬ್ರಶ್ಶು ಹೋಯಿತು, ಬಟ್ಟೆ ಒಣಗಿಸುವ ಹಗ್ಗದ ಬಾಲವನ್ನು ಕತ್ತರಿಸಿ ಗುಂಡಿಯ ಸುತ್ತ ಚೌಕ ಕಟ್ಟಿದರು. ನಾನು ಹಿರಿಯಳಾಗಿ ನೆರವಾಗೋಣವೆಂದು ಹೋಗಿ, ಇದು ಇಂಥವರದು, ಅದು ಅಂಥವರದು ಎಂದು ಹೇಳಲು ಬಾಯಿ ತೆರೆದೆ. ನನ್ನ ಮೊಮ್ಮಗಳು ಬ್ರಶ್ಶನ್ನು ಎತ್ತಿ ಹಿಡಿದು, "ಅಜ್ಜಿ, ನೀನು ಮಾತಾಡೋ ಹಾಗಿಲ್ಲ. ನೀನು ಸತ್ತು ಎರಡು ಸಾವಿರ ವರ್ಷ ಆಯ್ತು" ಎಂದಳು. ನಾನು, "ಸತ್ತವಳಿಗೆ ಮಧ್ಯಾಹ್ನ ಇಷ್ಟು ಮಕ್ಕಳಿಗೆ ಅಡುಗೆ ಮಾಡೋಕಾಗುತ್ತೇನೇ?" ಎಂದೆ. ಅವಳು ಸ್ವಲ್ಪ ಯೋಚಿಸಿ, "ಊಟದ ಹೊತ್ತಿಗೆ ಬದುಕು" ಎಂದಳು. ಈ ವಯಸ್ಸಿನಲ್ಲಿ ಸಾಯುವುದನ್ನು ಕಲಿಯಬಹುದು ಮೇಷ್ಟ್ರೇ, ಊಟದ ಗಂಟೆಗೆ ಸರಿಯಾಗಿ ಎದ್ದು ಬರುವುದನ್ನು ಕಲಿಸಿದ ಕೀರ್ತಿ ತಮ್ಮದು.

ನಾನು ಹಿತ್ತಿಲ ಮೆಟ್ಟಿಲ ಮೇಲೆ ಹೆಣದಂತೆ ಕುಳಿತು ನೋಡಿದೆ. ತಮ್ಮ ವಿಧಾನವನ್ನು ನಾನು ಹಳಿಯುತ್ತಿಲ್ಲ, ಅದರಿಂದ ನನಗಾದ ಲಾಭಕ್ಕೆ ಮೊದಲು ಕೈಮುಗಿಯುತ್ತೇನೆ. ಮೇಲ್ಪದರದಲ್ಲೇ ಚಾಕಲೇಟಿನ ಕಾಗದಗಳು ರಾಶಿ ರಾಶಿಯಾಗಿ, ಒಂದೊಂದೂ ಅಕ್ಕಿಕಾಳಿನಷ್ಟು ಚಿಕ್ಕದಾಗಿ ಮಡಚಿದವು ಹೊರಬಂದವು. ಈ ಮನೆಯಲ್ಲಿ ಪುಟ್ಟ ಮಕ್ಕಳು ಬಹಳ ಸಂಖ್ಯೆಯಲ್ಲಿ ವಾಸಿಸುತ್ತಿದ್ದರು ಎಂದು ಮಕ್ಕಳು ಬರೆದುಕೊಂಡರು. ಆ ಪುಟ್ಟ ಮಕ್ಕಳು ಬೇರಾರೂ ಅಲ್ಲ, ವಿಮಾ ಕಚೇರಿಯಲ್ಲಿ ಮೇಲಧಿಕಾರಿಯಾಗಿರುವ, ಡಾಕ್ಟರು ಸಕ್ಕರೆ ಮುಟ್ಟಬಾರದೆಂದು ತಾಕೀತು ಮಾಡಿರುವ, ನನ್ನೆದುರು ಸಪ್ಪೆ ಚಹಾ ಕುಡಿದು ಮುಖ ಹಿಂಡುವ ನನ್ನ ಹಿರಿಯ ಮಗ. ನಡುಪದರದಲ್ಲಿ ಕಪ್ಪುಗಳ ಹಿಡಿಕೆಗಳು ಸಿಕ್ಕವು. ಹಿಡಿಕೆಗಳೇ ಹೊರತು ಕಪ್ಪುಗಳಿಲ್ಲ. ಹಿಡಿಕೆ ಮುರಿದು ಹೂಳುವುದು ಇವರ ಯಾವುದೋ ಆಚರಣೆಯಾಗಿತ್ತು ಎಂದು ಬರೆದರು. ಆ ಆಚರಣೆಯನ್ನು ಇಷ್ಟು ವರ್ಷ ಬೆಕ್ಕಿನ ತಲೆಗೆ ಕಟ್ಟಿದ್ದವಳು ನನ್ನ ಸೊಸೆ. ಬೆಕ್ಕಿಗೆ ನಾನು ಆಡಿದ ಮಾತುಗಳನ್ನೆಲ್ಲ ಹಿಂತೆಗೆದುಕೊಂಡು ಒಂದು ಬಟ್ಟಲು ಹಾಲನ್ನು ಹೆಚ್ಚಿಗೆ ಹಾಕಿದ್ದೇನೆ.

ಆಮೇಲೆ ಕೂದಲು ಬೆಳೆಸುವ ಎಣ್ಣೆಯ ಖಾಲಿ ಸೀಸೆಗಳು ಬಂದವು. ಎಣ್ಣೆಯೇ ಇವರ ಮುಖ್ಯ ಕಸುಬು, ದೂರದೇಶಗಳಿಗೆ ರಫ್ತು ಮಾಡುತ್ತಿದ್ದಿರಬೇಕು ಎಂದು ತೀರ್ಮಾನವಾಯಿತು. ನನ್ನ ಕಿರಿಯ ಮಗನ ನೆತ್ತಿಯನ್ನು ನೋಡಿದವರಿಗೆ, ಎಣ್ಣೆಯೆಲ್ಲ ರಫ್ತಾಗಿದೆ, ಒಂದು ತೊಟ್ಟೂ ಸ್ವದೇಶದಲ್ಲಿ ಉಳಿದಿಲ್ಲ ಎಂಬುದು ತಿಳಿಯುತ್ತದೆ. ಇನ್ನು ಯಜಮಾನರ ರೇಡಿಯೊದ ಸತ್ತ ಬ್ಯಾಟರಿಗಳು. ಒಂದೇ ಅಳತೆ, ಒಂದೇ ಆಕಾರ, ಅಷ್ಟೊಂದು ಸಂಖ್ಯೆ. ಇವು ಈ ಜನರ ನಾಣ್ಯಗಳು ಎಂದು ಮಕ್ಕಳು ಬರೆದರು. ಅದನ್ನು ಕೇಳಿ ಯಜಮಾನರು ಕುರ್ಚಿಯಿಂದ ಎದ್ದು ನಿಂತು, "ನೋಡೇ, ನಾನು ಇಷ್ಟು ದಿನ ಕುಬೇರ ಆಗಿದ್ದೆ, ನಿಂಗೆ ಗೊತ್ತೇ ಆಗ್ಲಿಲ್ಲ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಹೆಣ ನಗಬಾರದೆಂದು ಮಕ್ಕಳು ಗದರಿದರು.

ಹೀಗೆ ನಗುನಗುತ್ತಲೇ ನಾನು ಆ ವಾರ ಶಾಲೆಯಲ್ಲಿ ತಾವು ಏರ್ಪಡಿಸಿದ ಪ್ರದರ್ಶನಕ್ಕೆ ಬಂದು, ಮುಂದಿನ ಸಾಲಿನಲ್ಲಿ, ಓಣಿಯ ಮೂಲೆಮನೆಯ ದರ್ಜಿಯ ಹೆಂಡತಿಯ ಪಕ್ಕ ಕುಳಿತೆ. ಆಕೆಗೂ ನನಗೂ ಬಹಳ ಹಳೆಯ ಸ್ನೇಹ. ಅಂದರೆ ಒಬ್ಬರ ಮನೆಯಲ್ಲಿ ಏನಾದರೂ ಕೆಟ್ಟದ್ದು ನಡೆದರೆ ಇನ್ನೊಬ್ಬರು ತಪ್ಪದೆ ಹಾಜರಿರುತ್ತೇವೆ. ನನ್ನ ಮೊಮ್ಮಗಳು ವೇದಿಕೆ ಹತ್ತಿ, ಆಹಾರ, ಉದ್ಯೋಗ, ನಾಣ್ಯ, ಆಚರಣೆ ಎಂದು ಒಂದೊಂದೇ ಓದಿ, ಆಡಳಿತ ಎಂಬ ತಲೆಬರಹಕ್ಕೆ ಬಂದಳು. ನಾನು ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಕುಳಿತೆ. ರಸ್ತೆ, ಮರ, ಕೆರೆ, ಯಾವುದು ಮೊದಲು ಬರುತ್ತದೋ ಎಂದು ಕಾದೆ. ಅವಳು ಓದಿದ್ದು ಹೀಗೆ: "ಈ ಮನೆಯಲ್ಲಿ ಅರಸನಾಗಲಿ ಅರಸಿಯಾಗಲಿ ಇದ್ದರೆಂಬುದಕ್ಕೆ ಯಾವ ಕುರುಹೂ ದೊರೆತಿಲ್ಲ. ಇಲ್ಲಿನ ಜನ ಯಾರ ಅಂಕೆಯೂ ಇಲ್ಲದೆ, ಸರಿಸಮಾನರಾಗಿ ಬದುಕುತ್ತಿದ್ದರು."

ಸಭೆ ಚಪ್ಪಾಳೆ ತಟ್ಟಿತು. ನನ್ನ ಸೊಸೆ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದಳು. ದರ್ಜಿಯ ಹೆಂಡತಿ ನನ್ನ ಕಿವಿಯ ಬಳಿ ಬಾಗಿ, "ಅಲ್ರೀ, ನಿಮ್ಮನೇಲಿ ಯಾರೂ ಹೇಳೋರು ಕೇಳೋರು ಇರ್ಲಿಲ್ವಂತೆ, ಹೌದಾ? ಪಾಪ" ಎಂದಳು. ಆ ಪಾಪ ಎಂಬ ಮಾತನ್ನು ಆಕೆ ಚಹಾದಲ್ಲಿ ಬಿಸ್ಕತ್ತು ಅದ್ದಿದಂತೆ ಮೆಲ್ಲಗೆ ಅದ್ದಿ ತೆಗೆದಳು.

ಅಷ್ಟಕ್ಕೇ ನಿಂತಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಮುಂದೆ ಇನ್ನೊಂದು ಪ್ಯಾರಾ ಇತ್ತು. ಗುಂಡಿಯ ತಳಪದರದಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಮಗ್ಗು ಸಿಕ್ಕಿತ್ತು. ಬಿರುಕು ಬಿಟ್ಟ ಉದ್ದಕ್ಕೂ ಸಣ್ಣ ಸಣ್ಣ ತೂತು ಮಾಡಿ ತೆಳು ತಂತಿಯಿಂದ ಹೊಲಿದಿದ್ದ ಮಗ್ಗು. ಅದನ್ನು ಮೇಜಿನ ಮೇಲೆ ಹತ್ತಿ ಹಾಸಿ ಇಟ್ಟಿದ್ದಿರಿ. ಅದರ ವಿವರಣೆ: "ಒಡೆದದ್ದನ್ನು ಬಹಳ ತಾಳ್ಮೆಯಿಂದ ಸರಿಪಡಿಸಲಾಗಿದೆ. ಈ ಮನೆಯಲ್ಲಿ ಒಬ್ಬ ಸೇವಕ ಇದ್ದಿರಬೇಕು." ಅದಕ್ಕೆ ತಾವು ಕೆಂಪು ಮಸಿಯಲ್ಲಿ ಬರೆದದ್ದನ್ನೂ ನೋಡಿದೆ: ಉತ್ತಮ ಊಹೆ.

ಆ ಮಗ್ಗನ್ನು ಹೊಲಿದವಳು ನಾನು ಮೇಷ್ಟ್ರೇ. ಅರಸಿಯನ್ನು ಹುಡುಕಿ ಬಂದವರಿಗೆ ನಾನು ಸಿಕ್ಕಿದ್ದು ಸೇವಕನಾಗಿ. ಅದೂ ಗಂಡಸಾಗಿ, ಅದೂ ಇದ್ದಿರಬೇಕು ಎಂಬ ಅನುಮಾನದ ಮೇಲೆ.

ಮನೆಗೆ ಬಂದ ಮೇಲೆ ತಮ್ಮ ಸಂಶೋಧನೆಯ ಫಲ ಕೂಡಲೇ ಕಾಣಿಸಿಕೊಂಡಿತು. ಸೊಸೆ ಉಪ್ಪಿನ ಡಬ್ಬಿಯನ್ನು ಒಲೆಯ ಎಡಗಡೆಯಿಂದ ಬಲಗಡೆಗೆ ಇಟ್ಟಳು. ನಾನು ಕೆಮ್ಮಿದೆ. ಅವಳು ಹಿಂತಿರುಗಿ ನೋಡದೆ, "ಅತ್ತೆ, ನಾವು ಸರಿಸಮಾನರಂತೆ. ಶಾಲೇಲಿ ಓದಿದ್ರಲ್ಲ" ಎಂದಳು. ಹಿರಿಯ ಮಗ ನನ್ನ ಕಣ್ಣೆದುರೇ ಚಾಕಲೇಟಿನ ಕಾಗದವನ್ನು ಬಿಚ್ಚಿ, ಮಡಚುವ ಕಷ್ಟವನ್ನೂ ತೆಗೆದುಕೊಳ್ಳದೆ ನೆಲದ ಮೇಲೆ ಬಿಸಾಡಿ, "ಮುಂದಿನ ಸಂಶೋಧಕರಿಗೆ ಇರಲಿ ಬಿಡಮ್ಮ" ಎಂದ. ಕಿರಿಯವನು ನನ್ನ ಬಾಚಣಿಗೆ ಮುಟ್ಟಿದ. ಅವನಿಗೆ ಬಾಚಣಿಗೆ ಯಾತಕ್ಕೆಂದು ಕೇಳಬಾರದೆ ಯಾರಾದರೂ? ಯಜಮಾನರು ರೇಡಿಯೊದ ಸದ್ದನ್ನು ಏರಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಮನೆಯಲ್ಲಿ ನಾನು ಇಷ್ಟು ಕಾಲ ಆಳಿದ್ದೆ ಎಂಬುದು ನನಗೆ ಅಂದು ತಿಳಿಯಿತು.

ನಾನು ತಮ್ಮನ್ನು ಕಾಣಲು ಶಾಲೆಗೂ ಬಂದೆ. ತಮಗೆ ನೆನಪಿರಬೇಕು, ತಾವು ಎದ್ದು ನಿಂತು, ತಮ್ಮ ಕುರ್ಚಿಯನ್ನೇ ನನಗೆ ಕೊಟ್ಟಿರಿ, ಆ ಸಂಸ್ಕಾರಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ನಾನು ನನ್ನ ಆಡಳಿತವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ. ತಾವು ಬಹಳ ವಿನಯದಿಂದ, "ಅಮ್ಮಾ, ನೀವು ಹೇಳೋದು ನಿಜಾನೇ ಇರಬಹುದು. ಆದ್ರೆ ಗುಂಡೀಲಿ ಸಿಗಬೇಕಲ್ಲ" ಎಂದಿರಿ. ನಾನು ವಾಪಸು ಬರುವಾಗ ದಾರಿಯುದ್ದಕ್ಕೂ ಆ ಮಾತನ್ನೇ ಅಗಿದೆ. ಅಗಿದಷ್ಟೂ ಅದು ಸರಿಯಾಗಿಯೇ ಇತ್ತು, ಅದೇ ನನಗೆ ಸಿಟ್ಟು ತರಿಸಿತು.

ಯಾಕೆಂದರೆ ನಾನು ಗುಂಡಿಗೆ ಏನನ್ನೂ ಹಾಕಿಲ್ಲ; ಆ ಮಗ್ಗನ್ನು ಎಸೆದವರೂ ಬೇರೆಯವರೇ. ನನ್ನ ಹಳೆಯ ಬಟ್ಟೆ ದಿಂಬಿನ ಚೀಲವಾಗುತ್ತದೆ, ಚೀಲ ಹರಿದರೆ ಒರೆಸುವ ಬಟ್ಟೆಯಾಗುತ್ತದೆ, ಅದೂ ಸವೆದರೆ ಬಿಸಿ ಪಾತ್ರೆ ಹಿಡಿಯುವ ತುಂಡಾಗುತ್ತದೆ, ಕೊನೆಗೆ ಒಲೆಗೆ ಹೋಗುತ್ತದೆ. ಬಾಚಣಿಗೆ ಮದುವೆಯ ವರ್ಷದ್ದು. ಕನ್ನಡಕದ ಒಂದು ಕಾಲು ದಾರ, ಇನ್ನೊಂದು ಕಾಲು ತಂತಿ. ಉಳಿದ ಅನ್ನ ಹೊಟ್ಟೆಗೆ ಹೋಗುತ್ತದೆ, ಕುಡಿಯುವುದು ಸ್ಟೀಲಿನ ಲೋಟದಲ್ಲಿ, ಅದು ಒಡೆಯುವ ಜಾತಿಯದಲ್ಲ. ಚಾಕಲೇಟು ತಿಂದವನು ಇತಿಹಾಸಕ್ಕೆ ಸೇರಿದ, ಕಪ್ಪು ಒಡೆದವಳು ಇತಿಹಾಸಕ್ಕೆ ಸೇರಿದಳು, ನೆತ್ತಿಗೆ ಎಣ್ಣೆ ಸುರಿದವನು ರಫ್ತು ವ್ಯಾಪಾರಿಯಾದ. ಬಿಸಾಡುವವರ ಚರಿತ್ರೆ ಮಣ್ಣಿನಲ್ಲಿ ಉಳಿಯುತ್ತದೆ, ಉಳಿಸುವವರದು ಉಳಿಯುವುದಿಲ್ಲ. ಇದನ್ನು ತಾವು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳಬಹುದು, ನಾನು ಶುಲ್ಕ ಕೇಳುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳಿದ್ದವು. ಪಠ್ಯಪುಸ್ತಕ ಬರೆದವರಿಗೆ ಹೇಳಿ, ನದಿ ಕಣಿವೆಯ ನಾಗರಿಕತೆಯ ನಂತರ ಹಿತ್ತಿಲ ಬಾಗಿಲಿನ ನಾಗರಿಕತೆ ಎಂಬ ಹೊಸ ಪಾಠವನ್ನು ಸೇರಿಸಬೇಕು, ಮುಖಪುಟದಲ್ಲಿ ಆ ಮಗ್ಗಿನ ಚಿತ್ರ ಬರಬೇಕು. ಜಗತ್ತಿನಲ್ಲಿ ಈವರೆಗೆ ಅಗೆದ ಜಾಗಗಳನ್ನೆಲ್ಲ ಮುಚ್ಚಿ, ಒಳ್ಳೆಯ ಅಜ್ಜಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಅಗೆಯಬೇಕು. ಅಲ್ಲಿ ಅರಸನ ಅರಮನೆ ಎಂದು ಫಲಕ ಹಾಕಿದ ಕಡೆಯೆಲ್ಲ ಅವನ ತಾಯಿಯನ್ನು ವಿಚಾರಿಸಬೇಕು. ನಾನು ಬದುಕಿದ್ದೇನೆಂದು, ಆಳುತ್ತಿದ್ದೇನೆಂದು, ಹೆಂಗಸೆಂದು ಮೂರು ಪ್ರತ್ಯೇಕ ಪ್ರಮಾಣಪತ್ರ ಕೊಡಬೇಕು, ಅವುಗಳನ್ನು ದರ್ಜಿಯ ಅಂಗಡಿಯ ಕನ್ನಡಿಗೆ ಅಂಟಿಸಬೇಕು. ಬೇಡಿಕೆಗಳನ್ನು ಬರೆದು ಮುಗಿಸಿದ ಮೇಲೆ, ತಾವು ಇದಕ್ಕೂ ಆಧಾರ ಕೇಳುವಿರಿ ಎಂದು ಹೊಳೆಯಿತು. ಕಾಗದ ಹರಿದೆ, ಅಂದರೆ ಹಿಂಬದಿಯನ್ನು ದಿನಸಿಯ ಚೀಟಿಗೆಂದು ತೆಗೆದಿಟ್ಟೆ. ಆಧಾರ ಬೇಕಾದರೆ ಆಧಾರವನ್ನೇ ಒದಗಿಸೋಣ ಎಂದು ಎದ್ದೆ.

ತಮ್ಮ ಪಾಠದಲ್ಲಿ ಇನ್ನೊಂದು ಮಾತಿದೆ, ನಾನು ಮೊಮ್ಮಗಳ ಪುಸ್ತಕದಲ್ಲಿ ಓದಿದ್ದೇನೆ. ಅಗೆಯುವಾಗ ಎಲ್ಲವೂ ಒಟ್ಟಿಗೆ ಮುರಿದುಬಿದ್ದ ಒಂದು ದಪ್ಪ ಪದರ ಸಿಕ್ಕಿದರೆ, ಅದಕ್ಕೆ ನಾಶದ ಪದರ ಎನ್ನುತ್ತಾರೆ; ಆ ಕಾಲದಲ್ಲಿ ಯುದ್ಧವೋ ಭೂಕಂಪವೋ ರಾಜ್ಯಕ್ರಾಂತಿಯೋ ಆಗಿತ್ತೆಂದು ತಿಳಿಯಬೇಕು. ಬಹಳ ಉಪಯುಕ್ತವಾದ ಪಾಠ.

ಭಾನುವಾರ ಮಧ್ಯಾಹ್ನ, ಉಂಡು ಪ್ರಜೆಗಳೆಲ್ಲ ಸರಿಸಮಾನರಾಗಿ ಗೊರಕೆ ಹೊಡೆಯುತ್ತಿದ್ದಾಗ, ನಾನು ಕತ್ತರಿಯನ್ನೂ ಇಕ್ಕಳವನ್ನೂ ಹಿಡಿದುಕೊಂಡು ಮನೆಯನ್ನು ಒಂದು ಸುತ್ತು ಬಂದೆ. ಏನನ್ನೂ ಒಡೆಯಲಿಲ್ಲ, ನನ್ನ ಮೇಲೆ ಆ ಆಪಾದನೆ ಬೇಡ. ನಾನು ಹಾಕಿದ್ದನ್ನು ಮಾತ್ರ ಹಿಂತೆಗೆದುಕೊಂಡೆ. ನಾನು ಹಾಕಿದ ಹೊಲಿಗೆ, ನಾನು ಕಟ್ಟಿದ ಗಂಟು, ನಾನು ಬಿಗಿದ ತಂತಿ, ನಾನು ಸಿಕ್ಕಿಸಿದ ಕಡ್ಡಿ, ಕುರ್ಚಿಯ ಕಾಲು ಅಲುಗದಂತೆ ನಾನು ಬಡಿದ ಆಪಿನ ಚೂರು. ಅರಸಿ ಇಲ್ಲದ ಮನೆಯಲ್ಲಿ ಅರಸಿಯ ಹೊಲಿಗೆ ಯಾತಕ್ಕೆ? ಮೊಮ್ಮಗಳ ಶಾಲೆಯ ಚೀಲದ ಬಳಿ ಬಂದಾಗ ಮಾತ್ರ ಕೈ ಸ್ವಲ್ಪ ತಡೆಯಿತು. ಆಮೇಲೆ ನ್ಯಾಯ ಎಲ್ಲರಿಗೂ ಒಂದೇ ಎಂದು ಅದನ್ನೂ ಬಿಚ್ಚಿದೆ. ಅದರೊಳಗಿದ್ದ ತಮ್ಮ ಸಮಾಜ ವಿಜ್ಞಾನದ ಪುಸ್ತಕದ ಬೆನ್ನಿಗೆ ಹಾಕಿದ ದಾರವನ್ನೂ ಎಳೆದುಕೊಂಡೆ.

ಸೋಮವಾರ ಬೆಳಿಗ್ಗೆ ಮೊದಲ ಸಂಶೋಧನೆ ಸೊಸೆಯದು. ಅಡುಗೆಮನೆಯ ಕಪಾಟಿನ ತಗಡಿನ ಬಾಗಿಲನ್ನು ಎಳೆದಳು, ಬಾಗಿಲು ಬಂದುಬಿಟ್ಟಿತು, ಪೂರ್ತಿಯಾಗಿ. ಅದನ್ನು ಗುರಾಣಿಯಂತೆ ಹಿಡಿದುಕೊಂಡು ನಿಂತವಳ ಹಿಂದೆ ಉಪ್ಪಿನ ಡಬ್ಬಿ ಬಲಗಡೆಯಿಂದ ಉರುಳಿ ತಾನಾಗಿಯೇ ಎಡಗಡೆಗೆ ಹೋಗಿ ನಿಂತಿತು. ಯಜಮಾನರು ರೇಡಿಯೊ ಎತ್ತಿಕೊಂಡರು. ಅದರ ಹಿಂದಿನ ಮುಚ್ಚಳ ಕಳಚಿ ಅವರ ಖಜಾನೆಯೆಲ್ಲ ನೆಲದ ಮೇಲೆ ಉರುಳಿ ಮಂಚದ ಕೆಳಗೆ ಸೇರಿತು, ಕುಬೇರರು ಮೊಣಕಾಲೂರಿ ಹಿಂದೆ ಹೋದರು. ಹಿರಿಯ ಮಗ ಗೇಟಿನ ಬಳಿ ಬಿಸಿಲಿಗೆ ಕೊಡೆ ಬಿಚ್ಚಿದ; ಬಟ್ಟೆ ಹಾರಿ ಕಾಂಪೌಂಡಿನ ಮೇಲೆ ಕುಳಿತಿತು, ಅವನು ಬರೀ ಕಡ್ಡಿಗಳ ಕೆಳಗೆ ನಿಂತು, ನೆರಳು ಎಲ್ಲಿ ಹೋಯಿತೆಂದು ಮೇಲೆ ನೋಡಿದ. ಕಿರಿಯವನ ಒಂದು ಚಪ್ಪಲಿ ಉಂಗುಷ್ಠ ಕಿತ್ತುಕೊಂಡು ಅವನಿಗಿಂತ ಮೊದಲೇ ಮೆಟ್ಟಿಲಿಳಿದು ಹೋಯಿತು. ಹಿತ್ತಿಲಲ್ಲಿ ಒಗೆದ ಬಟ್ಟೆಗಳೆಲ್ಲ ಹಗ್ಗದ ಸಮೇತ ಮಣ್ಣಿಗೆ ಶರಣಾದವು. "ಅಮ್ಮಾ, ಏನಾಗ್ತಿದೆ ಈ ಮನೇಲಿ?" ಎಂದು ಹಿರಿಯವನು ಕೂಗಿದ. ನಾನು ಚಹಾ ಹೀರುತ್ತ, "ನನ್ನನ್ಯಾಕೆ ಕೇಳ್ತೀಯಪ್ಪ, ನಾನು ಸೇವಕ ಇದ್ದಿರಬೇಕು" ಎಂದೆ.

ಗಲಾಟೆ ಕೇಳಿ ದರ್ಜಿಯ ಹೆಂಡತಿ ಸ್ನೇಹದಿಂದ ಓಡಿಬಂದಳು. "ಏನ್ರೀ ಇದು, ಯಾರೂ ಹೇಳೋರು ಕೇಳೋರು..." ಎಂದು ಶುರುಮಾಡುತ್ತ, ಅಂಗಳದಲ್ಲಿದ್ದ ಕುರ್ಚಿಯನ್ನು ಎಳೆದುಕೊಂಡು, ನಾನು ಬೇಡ ಎನ್ನುವ ಮೊದಲೇ ಕುಳಿತಳು. ನಾನು ಬೇಡ ಎನ್ನಲು ಸ್ವಲ್ಪ ತಡಮಾಡಿದೆ ಎಂಬುದು ನಿಜ. ಆ ಕುರ್ಚಿಯ ಕಾಲು ನನ್ನ ಆಡಳಿತದ ಆಧಾರಸ್ತಂಭವೆಂದು ಆಕೆಗೆ ಗೊತ್ತಿರಲಿಲ್ಲ. ಆಕೆಗೆ ಪೆಟ್ಟೇನೂ ಆಗಲಿಲ್ಲ, ಮಾತು ಮಾತ್ರ ಅರ್ಧಕ್ಕೇ ನಿಂತಿತು; ಇತಿಹಾಸದಲ್ಲಿ ಇದೇ ಮೊದಲು.

ಇಷ್ಟೆಲ್ಲ ಆಗುತ್ತಿದ್ದಾಗ ತಮ್ಮ ಶಾಲೆಯ ಗೇಟಿನಲ್ಲಿ ಏನು ನಡೆಯಿತೆಂದು ತಾವೇ ಕಂಡಿದ್ದೀರಿ. ಚೀಲದ ಪಟ್ಟಿ ಕಿತ್ತು, ಚೀಲ ಬಾಯಿ ಬಿಟ್ಟು, ತಮ್ಮ ಪುಸ್ತಕ ಹಾಳೆ ಹಾಳೆಯಾಗಿ ಗಾಳಿಗೆ ಎದ್ದಿತಂತೆ. ನದಿ ಕಣಿವೆಯ ನಾಗರಿಕತೆ ಚರಂಡಿಯ ಕಡೆಗೆ ಹೋಯಿತು, ಪ್ರಜಾಪ್ರಭುತ್ವ ಸೈಕಲ್ ನಿಲ್ದಾಣದ ಮೇಲೆ ಹಾರಿತು, ಜಗತ್ತಿನ ಹವಾಮಾನವು ಮುಖ್ಯೋಪಾಧ್ಯಾಯರ ಮುಖಕ್ಕೆ ಅಂಟಿಕೊಂಡಿತು, ತಾವು ಕೈಗಾರಿಕಾ ಕ್ರಾಂತಿಯ ಬೆನ್ನು ಹತ್ತಿ ಮೈದಾನವನ್ನು ಸುತ್ತಿದಿರಿ ಎಂದು ವರದಿ ಬಂದಿದೆ. ಅಷ್ಟು ದೊಡ್ಡ ಲೋಕವೆಲ್ಲ ಒಂದು ಎಳೆ ದಾರದ ಮೇಲೆ ನಿಂತಿತ್ತು ಮೇಷ್ಟ್ರೇ. ಆ ದಾರ ಈಗ ನನ್ನ ಡಬ್ಬಿಯಲ್ಲಿದೆ.

ಸಂಜೆ ಮೊಮ್ಮಗಳು ಚೀಲವನ್ನು ಕಂಕುಳಲ್ಲಿ ಅಪ್ಪಿಕೊಂಡು ಬಂದಳು. ಮುರಿದದ್ದನ್ನೆಲ್ಲ ಎಲ್ಲರೂ ಗುಂಡಿಯ ಪಕ್ಕ ರಾಶಿ ಹಾಕಿದ್ದರು. ಒಳ್ಳೆಯ ವಿದ್ಯಾರ್ಥಿನಿಯಾದ್ದರಿಂದ ಅವಳು ರಾಶಿಯನ್ನು ಸುತ್ತ ನೋಡಿ, ಹೊಲಿಗೆ ಬಿಚ್ಚಿದ ತೂತುಗಳನ್ನು ಬೆರಳಿನಿಂದ ಮುಟ್ಟಿ, "ಅಜ್ಜಿ, ಇದು ಯುದ್ಧವಾ ಭೂಕಂಪವಾ?" ಎಂದಳು. "ಗುಂಡೀನ ಕೇಳು. ನಾನು ಸತ್ತು ಎರಡು ಸಾವಿರ ವರ್ಷ ಆಯ್ತು" ಎಂದೆ. ಅವಳು ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತಳು. ಸ್ವಲ್ಪ ಹೊತ್ತು ಚೀಲದ ಪಟ್ಟಿಯನ್ನು ಸುತ್ತಿದಳು, ಬಿಚ್ಚಿದಳು. ಆಮೇಲೆ, "ಆ ಮಗ್ಗು ನೀನೇ ಹೊಲಿದಿದ್ದು ಅಂತ ನಂಗೆ ಗೊತ್ತಿತ್ತು ಅಜ್ಜಿ. ನಾನು ಚಿಕ್ಕೋಳಿದ್ದಾಗ ಅದ್ರಲ್ಲೇ ಅಲ್ವಾ ನೀನು ನಂಗೆ ತಲೆಗೆ ನೀರು ಹಾಕ್ತಿದ್ದಿದ್ದು. ಗೊತ್ತಿರೋದನ್ನ ಬರೀಬಾರ್ದು, ಸಿಕ್ಕಿದ್ದನ್ನ ಮಾತ್ರ ಬರೀಬೇಕು ಅಂತ ಮೇಷ್ಟ್ರು ಹೇಳಿದ್ರು" ಎಂದಳು.

ನನ್ನ ದೂರು ಇಷ್ಟೇ ಮೇಷ್ಟ್ರೇ. ಉಳಿದದ್ದೆಲ್ಲ ಶೃಂಗಾರ. ನನ್ನನ್ನು ಅರಸಿ ಎಂದು ಬರೆಯದಿದ್ದರೆ ಹಾಳಾಗಿ ಹೋಗಲಿ. ಗೊತ್ತಿದ್ದೂ ಬರೆಯದ ಮಗುವಿಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿರಲ್ಲ, ಅದನ್ನು ಮಾತ್ರ ನಾನು ಸುಲಭಕ್ಕೆ ಬಿಡುವವಳಲ್ಲ.

ಆಮೇಲೆ ಅವಳು ಚೀಲವನ್ನು ನನ್ನ ಮಡಿಲಿಗೆ ತಳ್ಳಿ, "ಹೊಲಿದುಕೊಡು" ಎಂದಳು. "ಸೇವಕನ ಹತ್ರ ಹೇಳು" ಎಂದೆ. "ಅವನೂ ಸತ್ತ" ಎಂದಳು. ಇಬ್ಬರಿಗೂ ಎಷ್ಟು ನಗು ಬಂತೆಂದರೆ, ಮೂಲೆಮನೆಯ ಕಿಟಕಿ ತೆರೆದುಕೊಂಡಿತು, ಮತ್ತೆ ಮುಚ್ಚಿಕೊಂಡಿತು.

ಅಲ್ಲಿಗೆ ನಾನು ತೀರ್ಮಾನ ಮಾಡಿದೆ, ಮಾಡಿದ್ದನ್ನು ಅಲ್ಲೇ ನಡೆಸಿಯೂಬಿಟ್ಟೆ. ಸೂಜಿಯ ಡಬ್ಬಿಯನ್ನು ಮೊಮ್ಮಗಳ ಕೈಗೆ ಕೊಟ್ಟೆ; ಚೀಲವನ್ನು ಅವಳೇ ಕೆಂಪು ದಾರದಲ್ಲಿ, ಬೆಟ್ಟ ಹತ್ತಿ ಕಣಿವೆಗೆ ಇಳಿಯುವ ಹೊಲಿಗೆಯಲ್ಲಿ ಹೊಲಿದಳು. ಇಕ್ಕಳವನ್ನೂ ತಂತಿಯನ್ನೂ ಅಂಟನ್ನೂ ನಡುಮನೆಯ ಮೊಳೆಗೆ ನೇತುಹಾಕಿ, ಇನ್ನು ಮುಂದೆ ಯಾರದು ಮುರಿಯುತ್ತದೋ ಅವರೇ ಸರಿಮಾಡಿಕೊಳ್ಳಬೇಕೆಂದು ಕೆಮ್ಮಿ ಹೇಳಿದೆ. ಹಿರಿಯ ಮಗ ಎರಡು ಬೆರಳುಗಳನ್ನು ಒಂದಕ್ಕೊಂದು ಅಂಟಿಸಿಕೊಂಡು ಕುಳಿತಿದ್ದಾನೆ. ಆ ಕೈಯಿಂದ ಚಾಕಲೇಟು ಬಿಚ್ಚಲು ಬಾರದು. ಸೊಸೆ ತಾನಾಗಿ ಬಂದು, "ಅತ್ತೆ, ಡಬ್ಬಿ ಎಡಗಡೇನೇ ಇರಲಿ ಅಲ್ವಾ?" ಎಂದು ಕೇಳಿದಳು. ನಾನು ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ ಒಪ್ಪಿಗೆ ಕೊಟ್ಟೆ. ನಾನು ಬಿಟ್ಟದ್ದು ಸೇವೆಯನ್ನು. ಅಧಿಕಾರ ಇದ್ದಲ್ಲೇ ಇದೆ.

ಕೊನೆಯದಾಗಿ ಆ ತಗಡಿನ ಬಾಗಿಲು. ಅದನ್ನು ಮೊಮ್ಮಗಳು ಹಿಡಿದುಕೊಂಡಳು, ನಾನು ಮೊಳೆಯಿಂದ ಶಾಸನ ಕೊರೆದೆ. ಹಳೆಯ ಉತ್ತರ ಒಂದಕ್ಷರವೂ ಮರೆತಿರಲಿಲ್ಲ. ರಸ್ತೆಯನ್ನು ಮಾಡಿಸಿದಳು, ಹಿತ್ತಿಲ ಬಾಗಿಲಿನಿಂದ ಬಟ್ಟೆಯ ಹಗ್ಗದವರೆಗೆ. ಮರವನ್ನು ನೆಡಿಸಿದಳು, ಒಂದು ನಿಂಬೆಗಿಡ. ನಲ್ಲಿ ಸೋರುವುದನ್ನು ನಿಲ್ಲಿಸಿದಳು, ಅದು ಕೆರೆಗೆ ಸಮ. ಕಲೆಗಳಿಗೆ ಆಶ್ರಯ ಕೊಟ್ಟಳು, ರೇಡಿಯೊವನ್ನು ಇಷ್ಟು ವರ್ಷ ಸಹಿಸಿದಳು. ಪ್ರಜೆಗಳು ಸುಖವಾಗಿದ್ದರು, ಅವರಿಗೆ ಅದು ತಿಳಿದಿರಲಿಲ್ಲ. ಅದರ ಕೆಳಗೆ ಜಾಗ ಉಳಿದಿತ್ತು. ಮೊಮ್ಮಗಳು ಮೊಳೆ ಇಸಿದುಕೊಂಡು, ತಾನೇ ಇನ್ನೊಂದು ಸಾಲು ಕೊರೆದಳು: ಮಗ್ಗನ್ನು ಹೊಲಿದವಳೂ ಇವಳೇ, ನನಗೆ ಗೊತ್ತು.

ಶಾಸನವನ್ನು ಗುಂಡಿಯ ತಳದಲ್ಲಿ ಮಲಗಿಸಿ, ಅದರ ಮೇಲೆ ನಾಶದ ಪದರವನ್ನು ದಪ್ಪಗೆ ಹರಡಿ, ಮಣ್ಣು ಎಳೆದು, ಇಬ್ಬರೂ ತುಳಿದು ಗಟ್ಟಿಮಾಡಿ, ಕೈಕಾಲು ತೊಳೆದುಕೊಂಡು ಬಂದಿದ್ದೇವೆ. ಮುಂದಿನ ವರ್ಷದ ಮಕ್ಕಳನ್ನು ತಾವು ಧಾರಾಳವಾಗಿ ಕಳಿಸಬಹುದು. ಜರಡಿ ಮಾತ್ರ ಅವರೇ ತರಲಿ.

ಗುಂಡಿಯಲ್ಲಿ ಈಗ ಸಿಗುವಂಥ, ತಮ್ಮ ವಿಶ್ವಾಸಿ,
ಹಸಿರು ಗೇಟಿನ ಮನೆಯ ಅಜ್ಜಿ

ತಾಜಾಕಲಂ: ನಾನು ಶಾಲೆಗೆ ಬಂದ ದಿನ ತಾವು ಕುರ್ಚಿ ಎಳೆದುಕೊಡುವಾಗ ತಮ್ಮ ಅಂಗಿಯ ಬಲದೋಳಿನ ಅಂಚನ್ನು ನೋಡಿದೆ. ಸವೆದ ಅಂಚನ್ನು ಒಳಕ್ಕೆ ಮಡಚಿ, ಅದೇ ಬಣ್ಣದ ದಾರ ಹುಡುಕಿ, ಕಣ್ಣಿಗೆ ಬೀಳದಂತೆ ಹೊಲಿದಿದ್ದಾರೆ. ನನ್ನ ಕೈಗಿಂತ ಒಂದು ಕೈ ಮೇಲು, ಒಪ್ಪಿಕೊಳ್ಳುತ್ತೇನೆ. ತಾವು ಯಾರ ಸಾಮ್ರಾಜ್ಯದ ಪ್ರಜೆಯೆಂದು ಎರಡು ಸಾವಿರ ವರ್ಷ ಕಾಯದೆ ಇವತ್ತೇ ಮನೆಗೆ ಹೋಗಿ ವಿಚಾರಿಸಿ, ಅವರಿಗೆ ನನ್ನ ನಮಸ್ಕಾರ ತಿಳಿಸುವುದು. ಅವರ ಹತ್ತಿರವೂ ಒಂದು ಕತ್ತರಿ ಇರುತ್ತದೆ ಎಂಬುದನ್ನು ಮರೆಯಬಾರದೆಂದು ವಿನಂತಿ.